ಆಂಡರ್ಸನ್‌ಪೇಟೆಯ ಗುಡ್ಡದಲ್ಲಿ ನೀಲಿ ಎಷ್ಟು ಬಗೆ?

ಗೌರಿ ಹಬ್ಬದ ಆಸುಪಾಸಿನಲ್ಲಿ, ನಾಲ್ಕು ಮಳೆ ಬಿದ್ದ ಮೇಲೆ, ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಕೋಲಾರದ ಚಿನ್ನದ ಗಣಿ ಸೀಮೆಯ ಆಂಡರ್ಸನ್‌ಪೇಟೆಯ ಸುತ್ತಲಿನ ಯಾವುದಾದರೊಂದು ಕಲ್ಲುಗುಡ್ಡ ಹತ್ತಿ. ನಿಂತು ನೋಡಿದರೆ ಹುಲ್ಲು, ಬಂಡೆ, ತಂಗಡಿ ಪೊದೆ, ಅಷ್ಟೆ. ಕುಕ್ಕರುಗಾಲಲ್ಲಿ ಕೂತು ನೋಡಿ, ನೀಲಿ! ಹುಲ್ಲಿನ ಬುಡದಲ್ಲಿ ನೀಲಿ, ಬಂಡೆಯ ಬಿರುಕಿನಲ್ಲಿ ನೀಲಿ, ಕುರಿ ನಡೆದ ಜಾಡಿನ ಎರಡೂ ಬದಿಗೆ ನೀಲಿ. ಹೆಬ್ಬೆರಳಿನ ಉಗುರಿಗಿಂತ ತೀರಾ ದೊಡ್ಡದು ಒಂದೂ ಇಲ್ಲ. ಎಲ್ಲ ಒಂದೇ ಹೂವೆಂದು ಕಣ್ಣು ತೀರ್ಮಾನ ಕೊಟ್ಟೂ ಬಿಡುತ್ತದೆ. ಆಗ ಜೇಬಿನಿಂದ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಪುಟ್ಟ ಮಸೂರ ತೆಗೆಯಬೇಕು. ಮೊದಲ ಹೂವಿಗೆ ಐದು ಏಣು. ಎರಡನೆಯದಕ್ಕೆ ಮೂರೇ ದಳ, ಅದರಲ್ಲೂ ಒಂದು ಕುಳ್ಳು. ಮೂರನೆಯದಕ್ಕೂ ಮೂರು ದಳ, ಆದರೆ ಒಳಗೆ ನೀಲಿ ಗಡ್ಡ! ನಾಲ್ಕನೆಯದಕ್ಕೆ ಗಡ್ಡವೂ ಇಲ್ಲ, ಕುಳ್ಳು ದಳವೂ ಇಲ್ಲ. ಒಂದು ಚಾಪೆಯಗಲದ ಜಾಗದಲ್ಲಿ ನಾಲ್ಕು ಬೇರೆ ಬೇರೆ ಗಿಡಗಳು ಒಂದೇ ಬಣ್ಣ ಉಟ್ಟು ನಿಂತಿವೆ.

ಚಿನ್ನಕ್ಕಾಗಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದ ಊರು ಇದು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಇಲ್ಲಿನ ಮಾತೆಲ್ಲ ಕೆಳಗಿನದೇ: ಶಾಫ್ಟು, ಲೆವೆಲ್ಲು, ರೀಫು. ಮೇಲೆ ಉಳಿದದ್ದು ಅದಿರು ಅರೆದು ಚಿನ್ನ ತೆಗೆದ ಮೇಲಿನ ಪುಡಿಯ ಗುಡ್ಡೆ. ಊರವರು ಅದನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಸಿನಿಮಾದವರು ಬಂದು ಚಿತ್ರೀಕರಿಸುವುದೂ ಅದನ್ನೇ. ದೇವರೋ ಭೂಮಿಯೋ ಕಟ್ಟಿದ ನಿಜವಾದ ಗುಡ್ಡಗಳನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಮೂರು ನಾಲ್ಕು ಕಿಲೋಮೀಟರ್ ಅಗಲಕ್ಕೆ ಹಬ್ಬಿದ ಕೋಲಾರದ ಶಿಸ್ಟ್ ಪಟ್ಟಿಯ ಏಣುಗಳು ಅವು. ಕಲ್ಲಿಗೆ ವಯಸ್ಸು ಸುಮಾರು 270 ಕೋಟಿ ವರ್ಷ. ಗಣಿ ಸೀಮೆಯ ಪಕ್ಕದ ದೊಡ್ಡಬೆಟ್ಟದ ಎತ್ತರ ಹಳೆಯ ಗೆಜೆಟಿಯರ್ ಪ್ರಕಾರ 3,195 ಅಡಿ. ಮಣ್ಣು ಬೆರಳುದ್ದವೂ ಇಲ್ಲ. ವರ್ಷದ ಮಳೆ ಏಳುನೂರು ಚಿಲ್ಲರೆ ಮಿಲಿಮೀಟರ್. ಇಷ್ಟು ಕಡಿಮೆ ಮಣ್ಣು, ಇಷ್ಟು ಕಡಿಮೆ ನೀರಿನಲ್ಲಿ ಮರಕ್ಕೆ ಬದುಕು ಕಷ್ಟ. ಆ ಕಷ್ಟವೇ ಈ ಪುಟಾಣಿಗಳ ಪಾಲಿನ ಭಾಗ್ಯ. ನೆರಳು ಹಾಕಿ ಮುಚ್ಚುವವರಿಲ್ಲ. ಬಂಡೆಯ ಕುಳಿಯಲ್ಲಿ ನಿಂತ ನೀರು ಆರುವುದರೊಳಗೆ ಮೊಳೆತು, ಹೂತು, ಬೀಜ ಕಟ್ಟಿ ಕೆಲಸ ಮುಗಿಸುತ್ತವೆ.

ಇವನ್ನು ನೋಡದಿರಲು ಊರಿನವರಿಗೆ ಇನ್ನೊಂದು ಸಬೂಬೂ ಇದೆ, ನ್ಯಾಯವಾದದ್ದೇ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ಬಂದ ರೈಲುದಾರಿಯಲ್ಲೇ ಇಂದು ಸಾವಿರಾರು ಜನ ನಸುಕಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೊರಡುತ್ತಾರೆ. ಈ ನೀಲಿ ಹೂಗಳು ಅರಳುವುದು ಬಿಸಿಲೇರುವಾಗ, ಮುದುಡುವುದು ಬಿಸಿಲು ಬಲಿಯುವಾಗ. ಅರಳುವಾಗ ಜನ ಊರಲ್ಲಿರುವುದಿಲ್ಲ, ಜನ ಬರುವಾಗ ಹೂವಿರುವುದಿಲ್ಲ. ಭಾನುವಾರವೊಂದೇ ಗತಿ!

ಐದು ಏಣಿನದ್ದನ್ನು ಮೊದಲು ನೋಡೋಣ, ಅದು ಸುಲಭ. ಅದು ವಿಷ್ಣುಕ್ರಾಂತಿ. ನೆಲಕ್ಕೆ ಒರಗಿದ ಎಳೆಯಂಥ ಕಾಂಡ, ಪುಟ್ಟ ಎಲೆ, ಕಾಂಡಕ್ಕೂ ಎಲೆಗೂ ರೇಷ್ಮೆ ರೋಮ. ಎಲೆಯ ಕಂಕುಳಿಂದ ಕೂದಲೆಳೆಯಷ್ಟು ತೆಳುವಾದ ತೊಟ್ಟು ಹೊರಟು ಅದರ ತುದಿಯಲ್ಲಿ ತೆಳುನೀಲಿ ತಟ್ಟೆ. ದಳಗಳು ಬಿಡಿಬಿಡಿಯಲ್ಲ, ಅಂಚಿನವರೆಗೂ ಬೆಸೆದುಕೊಂಡಿವೆ. ಮೊಗ್ಗಿನಲ್ಲಿ ಮಡಿಸಿಟ್ಟ ಮಡಿಕೆಯ ಗೆರೆ ಅರಳಿದ ಮೇಲೂ ಕಾಣುತ್ತದೆ. ಇನ್ನು ಮಸೂರ ಹತ್ತಿರ ತನ್ನಿ. ನಡುವೆ ಎರಡು ಶಲಾಕೆ, ಒಂದೊಂದೂ ಮತ್ತೆ ಎರಡಾಗಿ ಸೀಳಿ, ಒಟ್ಟು ನಾಲ್ಕು ಬಿಳಿ ಎಳೆಗಳು! ಈ ನಾಲ್ಕೆಳೆ ಕಂಡಿತೋ, ಇದು ವಿಷ್ಣುಕ್ರಾಂತಿಯ ಕುಲವೇ ಸರಿ. ಇದರದೇ ದಾಯಾದಿಯೊಂದು ಅಮೆರಿಕ ಖಂಡದಿಂದ ಬಂದು ನಮ್ಮ ಉದ್ಯಾನಗಳ ಹುಲ್ಲುಹಾಸು ಹಿಡಿದಿದೆ. ಅದರ ಎಲೆ ಗುಂಡನೆಯ ನಾಣ್ಯ, ಹೂ ಬಿಳಿ, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಇದಿಲ್ಲಿ ಗುಡ್ಡದ ಮೇಲೆ ಬೇರು ಬಿಡುವುದು ಬುಡದಲ್ಲಿ ಮಾತ್ರ. ಎಳೆದು ನೋಡಿದರೆ ಗೊತ್ತಾಗುತ್ತದೆ.

ಇಷ್ಟೆಲ್ಲ ಕೂದಲು ಸೀಳುವುದು ಏತಕ್ಕೆ ಎನ್ನುವವರು ಗಂಧಿಗೆ ಅಂಗಡಿಗೆ ಹೋಗಿ ಶಂಖಪುಷ್ಪಿ ಕೇಳಿ ನೋಡಲಿ. ಬುದ್ಧಿಗೆ, ನೆನಪಿಗೆ ಒಳ್ಳೆಯದೆಂದು ಹೆಸರಾದ ಈ ಮೂಲಿಕೆಯ ಹೆಸರಿನಲ್ಲಿ ಉತ್ತರದ ಕಡೆ ಕೊಡುವುದು ಬಿಳಿ ಹೂವಿನ ಕನ್ವಾಲ್ವುಲಸ್ ಎಂಬ ಗಿಡ. ಕೇರಳದಲ್ಲಿ ಕೊಡುವುದು ಹಿತ್ತಲ ಬೇಲಿಗೆ ಹಬ್ಬುವ ಶಂಖಪುಷ್ಪದ ಬಳ್ಳಿ. ಇನ್ನೂ ಹಲವೆಡೆ ನಮ್ಮ ಈ ವಿಷ್ಣುಕ್ರಾಂತಿಯೇ. ಕೇರಳದವರು ಮಾತ್ರ ಇದನ್ನು ಬೇರೆಯಾಗಿ ಗುರುತಿಟ್ಟು ತಮ್ಮ ದಶಪುಷ್ಪಗಳಲ್ಲಿ ಒಂದಾಗಿ ಸೇರಿಸಿಕೊಂಡಿದ್ದಾರೆ. ಒಣಗಿಸಿ ಪುಡಿ ಮಾಡಿದ ಮೇಲೆ ಯಾವ ಹೂ ಯಾವುದು ಎಂದು ಹೇಳುವುದು ಪ್ರಯೋಗಾಲಯದ ಕೆಲಸ. ಗುಡ್ಡದ ಮೇಲಾದರೆ ನಾಲ್ಕೆಳೆ ಎಣಿಸಿದರೆ ಸಾಕು.

ಈಗ ಮೂರು ದಳದವು. ನಿಜವಾದ ಮಜಾ ಇಲ್ಲಿಂದ ಶುರು. ಮೂರೂ ಒಂದೇ ಮನೆತನದವು, ಕಮೆಲಿನೇಸಿ ಎಂಬ ಕುಟುಂಬದವು. ಅದಕ್ಕೇ ಮುಖ ಹೋಲುತ್ತದೆ. ಕುಳ್ಳು ದಳದ್ದು ಕಮೆಲಿನಾ. ಮೇಲೆ ಎರಡು ಅಗಲ ದಳ ಚಾಚಿದೆ, ಕೆಳಗೆ ಮೂರನೆಯದು ಸಣ್ಣದು. ಹೂವಿನ ಕೆಳಗೆ ಒಂದು ಹಸಿರು ದೊನ್ನೆ. ಮೊಗ್ಗುಗಳೆಲ್ಲ ಅದರೊಳಗೆ ಕೂತು, ದಿನಕ್ಕೊಂದರಂತೆ ಹೊರಗೆ ತಲೆ ಹಾಕುತ್ತವೆ. ದೊನ್ನೆಯನ್ನು ಮೆಲ್ಲಗೆ ಹಿಸುಕಿ: ಲೋಳೆ ನೀರು ಬರುತ್ತದೆ! ಬಿಸಿಲ ಗುಡ್ಡದಲ್ಲಿ ಮೊಗ್ಗಿಗೆ ಇಂಥದೊಂದು ತಂಪು ತೊಟ್ಟಿಲು. ಇನ್ನೊಂದು ಸೋಜಿಗವೆಂದರೆ ಈ ಹೂವಿನಲ್ಲಿ ಮಕರಂದವೇ ಇಲ್ಲ. ಆದರೂ ಜೇನ್ನೊಣ ಬರುತ್ತದೆ. ನೀಲಿಯ ಮೇಲೆ ಎದ್ದು ಕಾಣುವ ಹಳದಿ ಗುಂಡಿಗಳನ್ನು ಪರಾಗವೆಂದು ನಂಬಿ ಬರುತ್ತದೆ. ಅವು ಹೆಚ್ಚಾಗಿ ಬರೀ ತೋರಿಕೆಯ ಕೇಸರಗಳು. ನೊಣ ಅವನ್ನು ಕೆದಕುತ್ತಿರುವಾಗ ಕೆಳಗೆ ಬಾಗಿ ಮರೆಯಾಗಿ ನಿಂತ ಅಸಲಿ ಕೇಸರ ಅದರ ಹೊಟ್ಟೆಗೆ ಪರಾಗ ಸವರಿ ಕಳಿಸುತ್ತದೆ. ಬಂಗಾರದ ಆಸೆಗೆ ಬಂದು ಕೈಗೆ ಮಣ್ಣು ಮೆತ್ತಿಸಿಕೊಂಡು ಹೋದವರನ್ನು ಈ ಸೀಮೆ ಬೇಕಾದಷ್ಟು ನೋಡಿದೆ, ಬಿಡಿ.

ಗಡ್ಡದವನು ಸಯನೋಟಿಸ್. ಇದರ ಮೂರೂ ದಳ ಒಂದೇ ಅಳತೆ. ನಡುವೆ ಕೂಡಿ ಕೊಳವೆಯಾಗಿರುತ್ತವೆ. ಆರು ಕೇಸರ, ಆರೂ ಅಸಲಿ, ಆರಕ್ಕೂ ನೀಲಿ ರೋಮದ ಗಡ್ಡ, ತುದಿಯಲ್ಲಿ ಹಳದಿ ಚುಕ್ಕೆ. ಇದಕ್ಕೆ ಬಂಡೆಯೆಂದರೆ ಪ್ರಾಣ. ಎಲೆ ದಪ್ಪ, ಮಾಂಸಲ, ಮೈತುಂಬ ನವಿರು. ಆ ಗಡ್ಡದ ಒಂದೇ ಒಂದು ಕೂದಲನ್ನು ಮಸೂರದಡಿ ಹಿಡಿದು ನೋಡಿದರೆ ಅಯ್ಯೋ, ಅದು ಕೂದಲೇ ಅಲ್ಲ, ಮಣಿಸರ! ಒಂದೊಂದು ಮಣಿಯೂ ಒಂದೊಂದು ಜೀವಕೋಶ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಇದರ ನೆಂಟನೊಬ್ಬ ಪರಿಚಿತ. ಟ್ರಾಡೆಸ್ಕಾಂಷಿಯಾ ಹೂವಿನ ಕೇಸರದ ರೋಮವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಕೋಶದೊಳಗಿನ ರಸ ಹರಿಯುವುದನ್ನು ತೋರಿಸುತ್ತಾರಲ್ಲ, ಅದೇ ಮನೆತನ. 1830ರ ದಶಕದ ಆರಂಭದಲ್ಲಿ ರಾಬರ್ಟ್ ಬ್ರೌನ್ ಎಂಬ ಸ್ಕಾಟಿಷ್ ಸಸ್ಯಶಾಸ್ತ್ರಿ ಅಂಥ ರೋಮದೊಳಗೆ ಆ ಹರಿವನ್ನು ಕಣ್ಣಾರೆ ಕಂಡು ಬರೆದಿಟ್ಟ. ಜೀವಕೋಶದ ನಡುವಿನ ಬೀಜಕ್ಕೆ ನ್ಯೂಕ್ಲಿಯಸ್ ಎಂದು ಹೆಸರಿಟ್ಟವನೂ ಅವನೇ. ಲಂಡನ್ನಿನ ಮೇಜಿನ ಮೇಲೆ ನಡೆದ ಆ ಕೆಲಸಕ್ಕೆ ಬೇಕಾದ ಸಾಮಗ್ರಿಯ ಸೋದರ ಸಂಬಂಧಿ ಇಲ್ಲಿ ಆಡು ಮೇಯುವ ಬಂಡೆಯ ಮೇಲೆ ಹೇರಳ!

ಉಳಿದದ್ದು ಮುರ್ಡಾನಿಯಾ. ದೊನ್ನೆ ಇಲ್ಲ. ದಳ ಮೂರೂ ಸಮ, ಆದರೆ ಕೂಡಿಲ್ಲ, ಬಿಡಿ ಬಿಡಿ. ಎಲೆ ಹುಲ್ಲಿನಷ್ಟು ಕಿರಿದು, ಹೂವಿಲ್ಲದಿದ್ದರೆ ಹುಲ್ಲೇ ಎನ್ನಬೇಕು. ಅಸಲಿ ಕೇಸರ ಎರಡೋ ಮೂರೋ, ಮಿಕ್ಕವು ಮೂರು ತಲೆಯ ಉತ್ತರಕುಮಾರರು. ಇದರ ಒಳಗಿನ ಜಾತಿಗಳನ್ನು ಬೇರೆ ಮಾಡಲು ಕಾಯಿ ಸೀಳಿ, ಒಂದೊಂದು ಕೋಣೆಯಲ್ಲಿ ಬೀಜ ಎಷ್ಟಿವೆ, ಅವುಗಳ ಮೈಮೇಲೆ ಕೆತ್ತನೆ ಹೇಗಿದೆ ಎಂದು ನೋಡಬೇಕು. ಅಲ್ಲಿಗೆ ಹೋದರೆ ಮಧ್ಯಾಹ್ನವಾಗುತ್ತದೆ, ಹೂ ಕರಗಿರುತ್ತದೆ. ನಿಜವಾಗಿ ಕರಗುತ್ತದೆ: ಈ ಮನೆತನದ ದಳಗಳು ಉದುರುವುದಿಲ್ಲ, ನೀರಾಗಿ ಮುದ್ದೆಯಾಗುತ್ತವೆ. ಅದಕ್ಕೇ ಕಿತ್ತು ಪುಸ್ತಕದಲ್ಲಿಟ್ಟು ಮನೆಗೆ ತಂದು ಗುರುತಿಸುತ್ತೇನೆಂದರೆ ಸಿಗುವುದು ನೀಲಿ ಕಲೆ ಮಾತ್ರ. ಕೂತಲ್ಲೇ ನೋಡಬೇಕು.

ಇದೇ ಆಟವನ್ನು ಎತ್ತರದಲ್ಲಿ, ಬೆಟ್ಟಕ್ಕೆ ಬೆಟ್ಟವನ್ನೇ ಹಲಗೆ ಮಾಡಿಕೊಂಡು ಆಡಿದರೆ ಹೇಗಿರುತ್ತದೆ? ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲಿಗೆ ಹೋಗಬೇಕು. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದ ನೆತ್ತಿ. ಕಣಿವೆಯಲ್ಲಿ ಶೋಲಾ ಕಾಡು, ಅದರ ಮೇಲೆ ಬರೀ ಹುಲ್ಲು. ಆ ಹುಲ್ಲಿನ ನಡುವೆ ಮಲೆನಾಡಿನವರು ಗುರಿಗೆ ಎನ್ನುವ ಪೊದೆಗಳು ವರ್ಷಗಟ್ಟಲೆ ಸುಮ್ಮನೆ ಬೆಳೆದು, ಒಂದು ವರ್ಷ ಒಟ್ಟಿಗೇ ಹೂವಾಗಿ, ಬೀಜ ಚೆಲ್ಲಿ, ಒಟ್ಟಿಗೇ ಸಾಯುತ್ತವೆ. 2018ರಲ್ಲಿ ಬೆಟ್ಟ ನೀಲಿಯಾಯಿತು. 2022ರಲ್ಲಿ ಮತ್ತೆ ನೀಲಿಯಾಯಿತು. ಹನ್ನೆರಡು ವರ್ಷಕ್ಕೊಮ್ಮೆ ಎಂದು ಕೇಳಿ ಬೆಳೆದವರು ಇದೇನು ಲೆಕ್ಕ ತಪ್ಪಿತು ಎಂದು ಕಣ್ಣರಳಿಸಿದರು. ಕಾರು ಸಾಲುಗಟ್ಟಿದವು. ಬೆಟ್ಟವೊಂದರಲ್ಲಿ ಬೇರೆ ಬೇರೆ ವರ್ಷ ಮೊಳೆತ ತಂಡಗಳಿದ್ದರೆ ಅವು ಹೂವಾಗುವ ವರ್ಷವೂ ಬೇರೆಯೇ. ಅದೂ ಅಲ್ಲದೆ ಗುರಿಗೆಯಲ್ಲಿ ಒಂದೇ ಜಾತಿ ಎಲ್ಲಿದೆ? ಪಶ್ಚಿಮ ಘಟ್ಟದಲ್ಲಿ ಹತ್ತಾರು ಜಾತಿಗಳಿವೆ. ಒಂದು ಏಳೆಂಟು ವರ್ಷಕ್ಕೆ, ಒಂದು ಹನ್ನೆರಡಕ್ಕೆ, ಕೆಲವು ವರ್ಷವರ್ಷವೂ ಹೂಬಿಡುತ್ತವೆ. ಟಿವಿಯವರಿಗೆ ಎಲ್ಲವೂ ನೀಲಕುರಿಂಜಿ.

ಬೇರೆ ಮಾಡುವುದು ಹೇಗೆ? ಹೂವಿನ ಮುಖ ನೋಡಿ ಆಗದು, ಎಲ್ಲವೂ ನೀಲಿ ಗಂಟೆಗಳೇ. ಎಲೆಯ ತೊಟ್ಟು ನೋಡಬೇಕು. ಹನ್ನೆರಡು ವರ್ಷದ ನೀಲಕುರಿಂಜಿಯ ಎಲೆಗೆ ತೊಟ್ಟಿದೆ. ತಿರುಗಿಸಿದರೆ ಅಡಿಭಾಗ ಮಾಸಲು ಬಿಳುಪು, ಅದರ ಮೇಲೆ ನರಗಳು ಉಬ್ಬಿ ನಿಂತಿವೆ. ಅದೇ ಎತ್ತರದ ಹುಲ್ಲಿನಲ್ಲಿ ಬೆಳೆಯುವ ಸೆಸಿಲಿಸ್ ಎಂಬ ಇನ್ನೊಂದು ಗುರಿಗೆಗೆ ತೊಟ್ಟೇ ಇಲ್ಲ, ಎಲೆ ಕಾಂಡವನ್ನೇ ತಬ್ಬಿ ಕೂತಿರುತ್ತದೆ, ಹೂಗೊಂಚಲು ರೋಮದ ಮುದ್ದೆ. ಆಳೆತ್ತರ ಮೀರಿ ಬೆಳೆಯುವ ಕಾರ್ವಿ ಎಂಬ ಗುರಿಗೆಯ ಕಾಂಡ ಸವರಿದರೆ ಬೆರಳಿಗೆ ಗಂಟುಗಂಟು ಸಿಗುತ್ತದೆ. ಬೆಟ್ಟ ತುಂಬಿದ ನೀಲಿಗೆ ಬೆನ್ನು ಹಾಕಿ ಒಂದು ಎಲೆಯನ್ನು ಮಗುಚಿ ನೋಡುವವನೇ ಅಲ್ಲಿ ಹೆಚ್ಚು ನೋಡಿದವನು! ಅದೇ ಹುಲ್ಲಿನ ಜೌಗಿನಲ್ಲಿ ಬಿಳಿ ಗುಂಡಿ ಹೊತ್ತ ಎರಿಯೊಕಾಲಾನ್ ಎಂಬ ಹುಲ್ಲುಗಿಡಗಳಿವೆ. ಅವುಗಳ ಜಗಳ ಹೊರಗಣ್ಣಿಗೆ ಬಗೆಹರಿಯುವುದೇ ಇಲ್ಲ. ಸಾಸಿವೆಗಿಂತ ಎಷ್ಟೋ ಸಣ್ಣ ಬೀಜದ ಮೈಯನ್ನು ಸೂಕ್ಷ್ಮದರ್ಶಕದಲ್ಲಿಟ್ಟೇ ತಜ್ಞರು ತೀರ್ಪು ಕೊಡಬೇಕು.

ಈ ಬಗೆಯ ಪ್ರಶ್ನೋತ್ತರಕ್ಕೆ ಒಂದು ಹಳೆಯ ಉಪಾಯವಿದೆ. ಎಲೆಗೆ ತೊಟ್ಟಿದೆಯೋ ಇಲ್ಲವೋ? ಇದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ. ಅಲ್ಲಿ ಮತ್ತೆ ಕವಲು: ರೋಮವೋ, ನುಣುಪೋ? ಹೀಗೆ ಕವಲು ಕವಲಾಗಿ ಹೆಸರಿನ ಮನೆಗೆ ಮುಟ್ಟಿಸುವ ಪಟ್ಟಿಯನ್ನು ಫ್ರಾನ್ಸಿನ ಲಾಮಾರ್ಕ್ 1778ರಲ್ಲಿ ತನ್ನ ದೇಶದ ಸಸ್ಯಗಳಿಗೆ ಮಾಡಿಕೊಟ್ಟ. ನಮ್ಮ ನಾಡಿಗೆ ಆ ಕೆಲಸ ಮಾಡಿದವರಲ್ಲಿ ದೊಡ್ಡ ಹೆಸರು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಪಾದ್ರಿ ಸಿಸಿಲ್ ಸಲ್ಡಾನಾ ಅವರದು. ಅಮೆರಿಕದ ಡ್ಯಾನ್ ನಿಕಲ್ಸನ್ ಜೊತೆ ಸೇರಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ತಂದರು. ಆಮೇಲೆ ಇಡೀ ಕರ್ನಾಟಕಕ್ಕೆಂದು 1984ರಲ್ಲಿ ಒಂದು ಸಂಪುಟ, 1996ರಲ್ಲಿ ಇನ್ನೊಂದು. ಹಾಸನದ ಗ್ರಂಥ ಬಂದ ಅದೇ 1976ರಲ್ಲಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಬಂತು. ವಿದ್ಯಾರ್ಥಿಗಳ ಗುಂಪನ್ನು ಕಟ್ಟಿಕೊಂಡು ಬೆಟ್ಟ ಕಾಡು ಅಲೆದ ಸಸ್ಯಶಾಸ್ತ್ರದ ಮೇಷ್ಟ್ರ ನಗೆಯ ಪುಸ್ತಕ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಚಿನ್ನದ ಊರಿನ ಪ್ರತಿ ಮನೆಯಲ್ಲಿ ಇರಬೇಕಾದ ಪುಸ್ತಕ ಎಂದು ನನ್ನ ಹಟ.

ಈಗಿನವರ ಕೈಯಲ್ಲಿ ಫೋನಿದೆ, ಫೋಟೋ ತೋರಿಸಿದರೆ ಹೆಸರು ಹೇಳುವ ಆ್ಯಪ್ ಇದೆ. ಬೈಯುವುದಿಲ್ಲ, ನಾನೂ ಬಳಸುತ್ತೇನೆ. ಆದರೆ ಅದಕ್ಕೆ ನಾವು ಕೊಡುವುದು ಹೂವಿನ ಮುಖದ ಚಿತ್ರವೊಂದನ್ನೇ. ವ್ಯತ್ಯಾಸ ಇರುವುದೋ ಬೆನ್ನಿನಲ್ಲಿ, ತೊಟ್ಟಿನಲ್ಲಿ, ಎಲೆಯಡಿಯಲ್ಲಿ. ಹೂವಿನ ಪಕ್ಕನೋಟ, ಎಲೆಯ ಎರಡೂ ಮೈ, ಎಲೆ ಕಾಂಡಕ್ಕೆ ಅಂಟಿದ ಜಾಗ, ಅಳತೆಗೆ ಬೆರಳಿಟ್ಟು ಇಡೀ ಗಿಡ, ಇಷ್ಟನ್ನೂ ತೆಗೆದುಕೊಂಡರೆ ಫೋನಿಗೂ ದಾರಿ ಸಿಗುತ್ತದೆ, ಮುಂದೆ ನೋಡಿ ಹೇಳುವ ತಿಳಿದವರಿಗೂ ಸಿಗುತ್ತದೆ.

ಫೋನೂ ಇಲ್ಲದೆ, ಲಾಮಾರ್ಕನ ಹೆಸರೂ ಕೇಳದೆ ಈ ಕವಲುಪಟ್ಟಿಯನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವರು ಕೋಲಾರ ಸೀಮೆಯಲ್ಲಿ ಊರಿಗೊಬ್ಬರಿದ್ದಾರೆ. ಬೆರಕೆ ಸೊಪ್ಪು ಕೀಳುವ ಹೆಂಗಸರು! ಮಳೆ ಬಿದ್ದ ಮೇಲೆ ಹೊಲದ ಬದು, ಗುಡ್ಡದ ಬುಡ ಸುತ್ತಿ ಮಡಿಲು ತುಂಬ ಅಣ್ಣೆ, ಗೋಣಿ, ಹೊನಗನ್ನೆ, ಗಣಿಕೆ, ತಗಚೆ ಎಂದು ಹತ್ತಾರು ಬಗೆಯ ಎಳೆಚಿಗುರು ತರುತ್ತಾರೆ. ಹೂ ಬರುವ ಮೊದಲೇ, ಬರೀ ಎಲೆ ನೋಡಿ! ತಪ್ಪಿದರೆ ಮನೆಮಂದಿಯ ಹೊಟ್ಟೆಗೆ ತೊಂದರೆ. ಯಾವ ವಿಶ್ವವಿದ್ಯಾಲಯದ ಪರೀಕ್ಷೆಯೂ ಇಷ್ಟು ಕಠಿಣವಲ್ಲ. ಗುಡ್ಡದ ಬುಡದಲ್ಲಿ ನೆಲಕ್ಕೆ ಮೂಗು ತಾಗಿಸಿ ಕೂತಿದ್ದ ನನ್ನನ್ನು ಅಂಥ ಅಜ್ಜಿಯೊಬ್ಬರು ಮಾತಾಡಿಸಿದರು.

"ಏನಪ್ಪ, ದುಡ್ಡು ಬಿದ್ದೋಯ್ತಾ?"

ಇಲ್ಲಜ್ಜಿ, ಈ ಹೂ ನೋಡ್ತಿದ್ದೆ ಅಂದೆ. ಕಮೆಲಿನಾದ ಒಂದು ಕುಡಿ ತೋರಿಸಿದೆ.

"ಅದು ಕನ್ನೆ ಸೊಪ್ಪು ಕಣಪ್ಪ. ಬಸ್ಸಾರಿಗೆ ಚೆನ್ನಾಗಿರ್ತದೆ."

ಪಕ್ಕದಲ್ಲೇ ಅದೇ ನೀಲಿ ಹೂವಿನ ಇನ್ನೊಂದು ಗಿಡವಿತ್ತು. ಅದನ್ನೂ ಮುಟ್ಟಿ ತೋರಿಸಿದೆ. ಅಜ್ಜಿ ಬಗ್ಗಲೂ ಇಲ್ಲ. "ಅದಲ್ಲ. ಕನ್ನೆ ಸೊಪ್ಪಿನ ಎಲೆ ಅಗಲ. ಎಲೆ ಬುಡದಾಗೆ ಕೆಂಪು ಕೂದ್ಲು ಐತೆ ನೋಡು." ಮಸೂರ ಹಿಡಿದೆ. ಎಲೆಯ ಬುಡ ಕಾಂಡವನ್ನು ಸುತ್ತಿಕೊಂಡ ಕಡೆ, ಅಂಚಿನಲ್ಲಿ, ಕೆಂಗಂದು ರೋಮ! ಕಮೆಲಿನಾ ಬೆಂಗಾಲೆನ್ಸಿಸ್ ಎಂಬ ಜಾತಿಯನ್ನು ಅದರ ದಾಯಾದಿಗಳಿಂದ ಬೇರೆ ಮಾಡಲು ಸಸ್ಯಗ್ರಂಥಗಳು ಕೊಡುವ ಗುರುತು ಅದೇ: ಅಗಲ ಎಲೆ, ಕೆಂಗಂದು ರೋಮ, ಅಂಚು ಹೊಲಿದುಕೊಂಡ ದೊನ್ನೆ. ಡಿಫ್ಯೂಸಾ ಎಂಬ ಸೋದರನ ದೊನ್ನೆಗೆ ಅಂಚು ಕೂಡಿರುವುದಿಲ್ಲ, ಬರೀ ಮಡಿಕೆ.

ಆದರೆ ಕನ್ನೆ ಸೊಪ್ಪಿನ ದೊಡ್ಡ ಗುಟ್ಟು ಮೇಲೆ ಇಲ್ಲವೇ ಇಲ್ಲ. ಮಳೆಯಲ್ಲಿ ನೆನೆದ ಮಣ್ಣಿನಿಂದ ಒಂದು ಬಲಿತ ಗಿಡವನ್ನು ಬುಡಸಮೇತ ಮೆಲ್ಲಗೆ ಎತ್ತಿ, ಬಾಟಲಿ ನೀರಿನಲ್ಲಿ ಬೇರು ತೊಳೆಯಿರಿ. ಬೇರಿನ ನಡುವೆ ಬೆಳ್ಳನೆಯ, ಬಿಸಿಲು ಕಾಣದ ಕವಲುಗಳು. ಅವುಗಳ ಮೇಲೆ ಅಲ್ಲಲ್ಲಿ ಬಿಳಿ ಗಂಟು. ಅವು ಗೆಡ್ಡೆಯಲ್ಲ. ಹೂಗಳು! ನೆಲದೊಳಗೆ ಬಿಟ್ಟ ಹೂಗಳು! ಅವು ಎಂದೂ ಅರಳುವುದಿಲ್ಲ. ನೀಲಿ ಬೇಕಿಲ್ಲ, ಹಳದಿ ಗುಂಡಿಯ ಮೋಸ ಬೇಕಿಲ್ಲ, ನೊಣವೂ ಬೇಕಿಲ್ಲ. ಮುಚ್ಚಿದ ಮೊಗ್ಗಿನೊಳಗೇ ತನ್ನ ಪರಾಗ ತನಗೇ ತಾಗಿ, ಕತ್ತಲಲ್ಲೇ ಕಾಯಿ ಕಟ್ಟಿ, ಬೀಜ ಬಲಿಯುತ್ತದೆ. ಹೀಗೆ ಅರಳದೆ ಫಲ ಕೊಡುವ ಹೂಗಳ ಮೇಲೆ ಡಾರ್ವಿನ್ 1877ರ ತನ್ನ ಪುಸ್ತಕವೊಂದರಲ್ಲಿ ಇಡೀ ಅಧ್ಯಾಯವನ್ನೇ ಬರೆದ. ಮೂರು ವರ್ಷಕ್ಕೆ ಜಾನ್ ಟೇಲರ್ ಕಂಪನಿ ಇಲ್ಲಿ ನೆಲ ತೋಡಲು ಬಂತು. ಈ ಸೊಪ್ಪು ಅದಾಗಲೇ ಯಾವ ಕಾಲದಿಂದಲೋ ತನ್ನ ಗಣಿ ನಡೆಸಿಕೊಂಡು ಬಂದಿತ್ತು.

ಬೀಜದ ಲೆಕ್ಕ ಕೇಳಿ. ಮೇಲಿನ ಕಾಯಿಯಲ್ಲಿ ಒಂದು ದೊಡ್ಡ ಬೀಜ, ನಾಲ್ಕು ಸಣ್ಣವು. ನೆಲದೊಳಗಿನ ಕಾಯಿಯಲ್ಲಿ ಒಂದು ದೊಡ್ಡದು, ಎರಡು ಸಣ್ಣವು. ಒಂದೇ ಗಿಡದಲ್ಲಿ ನಾಲ್ಕು ಬಗೆಯ ಬೀಜ, ನಾಲ್ಕಕ್ಕೂ ಮೊಳೆಯುವ ಹೊತ್ತು ಬೇರೆ. ಕೆಲವು ಬೇಗ ಏಳುತ್ತವೆ, ಕೆಲವು ಗಟ್ಟಿ ಸಿಪ್ಪೆ ಹೊದ್ದು ಮುಂದಿನ ಕಾಲಕ್ಕೆ ಕಾಯುತ್ತವೆ. ಆಡು ಮೇಲಿನದನ್ನು ಮೇಯಲಿ, ಬಿಸಿಲು ಸುಡಲಿ, ಕೆಳಗಿನ ಖಜಾನೆ ಭದ್ರ. ಇದೇ ಜಾಣತನದಿಂದ ಅದು ಸಮುದ್ರ ದಾಟಿ ಅಮೆರಿಕದ ಜಾರ್ಜಿಯಾ ರಾಜ್ಯದ ಹತ್ತಿ ಹೊಲಗಳಿಗೆ ನುಗ್ಗಿ, ಅಲ್ಲಿನ ರೈತರ ನಿದ್ದೆ ಕೆಡಿಸಿದೆ. ಅವರು ನೆಚ್ಚಿದ ಗ್ಲೈಫೊಸೇಟ್ ಕಳೆನಾಶಕಕ್ಕೆ ಇದು ಬಗ್ಗುವುದಿಲ್ಲ. ಅಮೆರಿಕ ಸರ್ಕಾರ ಇದನ್ನು ಅಪಾಯಕಾರಿ ಕಳೆಗಳ ಪಟ್ಟಿಗೆ ಸೇರಿಸಿದೆ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಬೇರಿನ ಬಿಳಿ ಹೂವನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವರು ಅದನ್ನೊಮ್ಮೆ ಉಗುರಿನಿಂದ ಚಿವುಟಿ ನೋಡಿದರು. ಅಮೆರಿಕದಲ್ಲಿ ಇದು ಎಷ್ಟು ಬೆಳೆದಿದೆ ಎಂದರೆ ಹತ್ತಿ ಗಿಡವೇ ಮುಚ್ಚಿಹೋಗುತ್ತದಂತೆ, ಏನು ಮಾಡಬೇಕೆಂದು ಅಲ್ಲಿಯವರಿಗೆ ತೋಚುತ್ತಿಲ್ಲವಂತೆ ಅಂದೆ.

"ಯಾಕಪ್ಪ, ಅವ್ರಿಗೆ ಬಸ್ಸಾರು ಮಾಡಕ್ಕೆ ಬರಲ್ವಾ?" ಅಂದರು ಅಜ್ಜಿ.